ಸೈಟು ನೋಡೋಕೆ ಮಳೇಲಿ ಹೋಗ್ರೇ

ಹೋದ ಸಲ ಹಲಸಿನ ಹಪ್ಪಳದ ಬಗ್ಗೆ ಬರೆದಾಗ ನಮ್ಮ ಓರಗಿತ್ತಿ ಕೇಳಿದ್ಲು, "ಮೂರು ವರ್ಷದಿಂದ ಸೈಟು ಸೈಟು ಅಂತ ಓಡಾಡ್ತಿದ್ರಲ್ಲ, ಅದೇನಾಯ್ತು ಅಂತ ಬರೀಲೇ ಇಲ್ಲ ನೀವು" ಅಂತ. ಬರೆಯೋಣ ಅಂದ್ರೆ ಅದು ಮುಗಿದ ಕಥೆಯಾಗಿರಲಿಲ್ಲ. ಈಗ ಮುಗೀತು, ಬರೀತಾ ಇದ್ದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೆ ಕಟ್ಟೋ ಜಾಗ ಆರಿಸೋದು ಗಂಡಸರ ಕೆಲಸ ಅಂತ ನಾವು ಬಿಟ್ಟುಬಿಟ್ಟಿದ್ದೀವಲ್ಲ, ಅದು ತಪ್ಪು ಕಣ್ರೇ. ಅವರು ಸೈಟು ನೋಡೋಕೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೈಕಲ್ಲಿ ಹೋಗ್ತಾರೆ, ರಸ್ತೆ ಮೇಲೆ ನಿಂತು ಕೈ ತೋರಿಸ್ತಾರೆ, ರೇಟು ಕೇಳ್ತಾರೆ, ಟೀ ಕುಡಿದು ಬರ್ತಾರೆ. ಆಮೇಲೆ ಮೂವತ್ತು ವರ್ಷ ಅಲ್ಲಿ ನೀರು ಹಿಡಿಯೋರು, ಬಟ್ಟೆ ಒಣಗಿಸೋರು, ಮಧ್ಯಾಹ್ನ ಮೂರು ಗಂಟೆ ಬಿಸಿಲಲ್ಲಿ ಒಳಗೆ ಕೂರೋರು ಯಾರು?

ನಮ್ಮ ಕಡೂರಿನ ಹಳೆ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಯ್ತು. ನಮ್ಮ ಭಾಗಕ್ಕೆ ಬಂದಿದ್ದು ದುಡ್ಡು. ನಮ್ಮನೆಯವರು ರಿಟೈರ್ ಆಗೋದ್ರೊಳಗೆ ಸ್ವಂತ ಸೂರು ಆಗ್ಲಿ ಅಂತ ನನ್ನ ಹಠ. ಮಗ ಬೆಂಗಳೂರಿಂದ ಫೋನ್ ಮಾಡಿ, "ಅಮ್ಮ, ಬೈಪಾಸ್ ಹತ್ರ ತಗೊಳ್ಳಿ, ಐದು ವರ್ಷಕ್ಕೆ ಡಬಲ್ ಆಗುತ್ತೆ" ಅಂದ. ತುಮಕೂರಿಂದ ಶಿವಮೊಗ್ಗಕ್ಕೆ ಹೋಗೋ ಹೆದ್ದಾರಿ ನಾಲ್ಕು ಪಥ ಮಾಡೋಕೆ ಶುರುವಾದಾಗಿಂದ ಕಡೂರು, ಬೀರೂರು, ತರೀಕೆರೆ ಸುತ್ತ ತೆಂಗಿನ ತೋಟಗಳೆಲ್ಲ ಲೇಔಟ್ ಆಗ್ತಿರೋದು ನಿಮಗೂ ಗೊತ್ತಲ್ಲ. ನಲವತ್ತು ವರ್ಷದ ತೆಂಗಿನ ಮರ ಕಡಿದು, ಕೆಂಪು ಮಣ್ಣಿನ ರಸ್ತೆ ಮಾಡಿ, ಬಾವುಟ ಕಟ್ಟಿ, ಬಾಗಿಲಿಗೊಂದು ಕಮಾನು ನಿಲ್ಲಿಸ್ತಾರೆ. ಡಬಲ್ ಆಗೋದು ಮಾರೋರಿಗೆ ಕಣಪ್ಪ, ಇರೋರಿಗಲ್ಲ ಅಂದೆ. ಕೇಳ್ಬೇಕಲ್ಲ.

ಅಂಥದೇ ಒಂದು ಲೇಔಟಲ್ಲಿ 30-40ರ ಸೈಟಿಗೆ ಐವತ್ತು ಸಾವಿರ ಟೋಕನ್ ಕೊಟ್ಟೇಬಿಟ್ರು. ಪೂರ್ವಕ್ಕೆ ಬಾಗಿಲು, ಈಶಾನ್ಯ ತುಂಬಿದೆ, ಬೀದಿ ಕುತ್ತು ಇಲ್ಲ, ಆಯ ನೋಡಿಸಿದ್ರೆ ಧ್ವಜಾಯ ಬರುತ್ತೆ. ಶಾಸ್ತ್ರದವರು ಕಣ್ಣುಮುಚ್ಚಿ ಹೂಂ ಅಂದ್ರು. ನನಗೆ ಶಾಸ್ತ್ರದ ಮೇಲೆ ಸಿಟ್ಟಿಲ್ಲ. ಅಡಿಗೆಮನೆ ಅಗ್ನಿಮೂಲೇಲಿ ಇರ್ಬೇಕು ಅನ್ನೋದನ್ನ ನಾನೂ ಒಪ್ತೀನಿ. ನಮ್ಮ ಕಡೆ ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ, ಒಲೆ ಮೂಡಲ ಕಡೆ ಇದ್ರೆ ಹೊಗೆ ಮನೆ ಒಳಗೆ ನುಗ್ಗದೆ ಆಚೆ ಹೋಗುತ್ತೆ. ಹಿರಿಯರು ಸುಮ್ಮನೆ ಹೇಳಲಿಲ್ಲ. ಆದ್ರೆ ಅದೇ ಹಿರಿಯರು ಹಳ್ಳದಲ್ಲಿ ಮನೆ ಕಟ್ಟಬೇಡಿ ಅಂತಾನೂ ಹೇಳಿದ್ರು. ಅದನ್ನ ಯಾವ ಶಾಸ್ತ್ರದವರೂ ಟೇಪು ಹಿಡಿದು ಅಳೆಯಲ್ಲ.

ಒಂದು ದಿನ ಜೋರು ಮಳೆ ಬಂತು. ನಾನು ನಾದಿನಿ ಮಗಳನ್ನ ಕರ್ಕೊಂಡು ಕೊಡೆ ಹಿಡಿದು ಹೊರಟೆ. "ಅತ್ತೆ, ಹುಚ್ಚಾ ನಿಮಗೆ?" ಅಂದ್ಲು. ಹೋಗಿ ನೋಡಿದ್ರೆ ನಮ್ಮ ಸೈಟಿನ ಕಲ್ಲು ಕಾಣ್ತಿಲ್ಲ. ಮೊಣಕಾಲುದ್ದ ಕೆಂಪು ನೀರು ಮೇಲಿಂದ ಕೆಳಕ್ಕೆ ಹೋಗ್ತಾ ಇದೆ. ಅದು ನಿಂತ ನೀರಲ್ಲ ಕಣ್ರೇ, ಹರಿಯೋ ನೀರು. ಪಕ್ಕದ ಹುಣಸೆ ಮರದಡಿ ಕುರಿ ನಿಲ್ಲಿಸ್ಕೊಂಡು ಒಬ್ಬ ಅಜ್ಜಿ ಕಂಬಳಿ ಹೊದ್ದು ನಿಂತಿದ್ಲು. "ಇಲ್ಲಿ ಮನೆ ಕಟ್ಟೀರೇನವ್ವ? ಇದು ಕೆರೆಗೋಗೋ ಹಳ್ಳ ಅಲ್ವಾ" ಅಂದ್ಲು. ಅಷ್ಟೇ ಅಂದಿದ್ದು. ಇಡೀ ಮೂರು ವರ್ಷದಲ್ಲಿ ನಮಗೆ ಪುಕ್ಕಟೆಯಾಗಿ ನಿಜ ಹೇಳಿದ್ದು ಆ ಅಜ್ಜಿ ಒಬ್ಬಳೇ.

ಮನೆಗೆ ಬಂದು ಆ ಹುಡುಗಿ ಮೊಬೈಲಲ್ಲಿ ದಿಶಾಂಕ್ ಅನ್ನೋ ಸರ್ಕಾರದ ಆಪ್ ತೆಗೆದ್ಲು. ನೀವು ನಿಂತಿರೋ ಜಾಗದ ಸರ್ವೆ ನಂಬರು ಅದರಲ್ಲಿ ಬರುತ್ತೆ, ಹಳ್ಳ, ಕೆರೆ, ಖರಾಬೂ ತೋರಿಸುತ್ತೆ. ನಮ್ಮ ಸೈಟಿನ ಪಕ್ಕಾನೇ ಹಳ್ಳದ ಗೆರೆ ಹೋಗಿತ್ತು. ಪಹಣಿ ತೆಗೆಸಿದ್ರೆ ಆ ನಂಬರಲ್ಲಿ ಬಿ ಖರಾಬ್ ಇಷ್ಟು ಗುಂಟೆ ಅಂತ ಬರೆದೇ ಇದೆ. ಎ ಖರಾಬ್ ಅಂದ್ರೆ ಬಂಡೆ ಗಿಂಡೆ ಇರೋ ಉಳೋಕಾಗದ ಜಾಗ. ಬಿ ಖರಾಬ್ ಅಂದ್ರೆ ದಾರಿ, ಹಳ್ಳ, ಕೆರೆ ಅಂಗಳ, ಊರಿನ ಆಸ್ತಿ ಅದು. ಅದನ್ನ ಮಾರೋ ಹಕ್ಕು ಯಾರಿಗೂ ಇಲ್ಲ. ಟೋಕನ್ ವಾಪಸ್ ಕೇಳಿದ್ದಕ್ಕೆ ಇಪ್ಪತ್ತು ಸಾವಿರ ಕೊಟ್ರು, ಮಿಕ್ಕಿದ್ದು ಇವತ್ತು ನಾಳೆ ಅಂತಾನೇ ಇದ್ದಾರೆ. ಹೋಗ್ಲಿ ಬಿಡಿ, ಅದನ್ನ ಬುದ್ಧಿ ಕಲಿತ ಫೀಸು ಅಂತ ಅಂದ್ಕೊಂಡಿದ್ದೀನಿ.

ಇದು ನಮ್ಮ ಕಡೂರಿನ ದೊಡ್ಡ ಮರೆವು ಅನ್ಸುತ್ತೆ ನನಗೆ. ಜಿಲ್ಲೆ ಮಲೆನಾಡು ಅಂತ ಹೆಸರು, ನಮ್ಮ ತಾಲ್ಲೂಕು ಬರಗಾಲದ್ದು. ವರ್ಷಗಟ್ಟಲೆ ಕೆರೆ ಒಣಗಿ ಬಿದ್ದಿದ್ವು, ಹಳ್ಳದಲ್ಲಿ ಜಾಲಿ ಬೆಳೀತು, ನೀರಿನ ದಾರಿ ಯಾವುದು ಅಂತ ಜನಕ್ಕೆ ಮರೆತೇ ಹೋಯ್ತು. 2022ರಲ್ಲಿ ಏನಾಯ್ತು ನೆನಪಿದೆಯಲ್ಲ? ನಮ್ಮ ವೇದಾವತಿ ಹೋಗಿ ಸೇರೋ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಬಿತ್ತು, 1933 ಆದಮೇಲೆ ಅದೇ ಮೊದಲು. ಎಂಬತ್ತೊಂಬತ್ತು ವರ್ಷ! ನೀರು ಅಷ್ಟು ವರ್ಷ ಆದ್ಮೇಲೂ ತನ್ನ ದಾರಿ ಮರೀಲಿಲ್ಲ, ನಾವು ಹತ್ತು ವರ್ಷಕ್ಕೆ ಮರೆತು ಅಲ್ಲಿ ಕಮಾನು ನಿಲ್ಲಿಸ್ತೀವಿ. ಅದಕ್ಕೇ ಹೇಳೋದು, ಬೇಸಿಗೇಲಿ ಒಂದ್ಸಲ, ಮಳೇಲಿ ಒಂದ್ಸಲ ನೋಡದೆ ಯಾರೂ ದುಡ್ಡು ಕೊಡಬೇಡಿ. ಹೆದ್ದಾರಿ ಪಕ್ಕ ಅಂತ ಆಸೆಪಟ್ರೆ ಇನ್ನೊಂದು ತಾಪತ್ರಯ ಇದೆ. ಊರಾಚೆ ರಾಷ್ಟ್ರೀಯ ಹೆದ್ದಾರಿ ನಡುವಿನಿಂದ 40 ಮೀಟರ್ ಒಳಗೆ ಕಟ್ಟಡ ಕಟ್ಟೋ ಹಾಗಿಲ್ಲ. ಇದನ್ನ ಸೈಟು ಮಾರೋರು ಹೇಳಲ್ಲ.

ಎರಡನೇದು ಅಜ್ಜಂಪುರದ ಕಡೆ ನನ್ನ ತವರಿನದು. ನಮ್ಮಣ್ಣ, "ನಮ್ಮ ಹೊಲದ ಅಂಚಲ್ಲಿ ಎರಡು ಗುಂಟೆ ತಗೋ, ದುಡ್ಡು ಬೇಡ" ಅಂದ. ಒಂದು ಗುಂಟೆ ಅಂದ್ರೆ 1089 ಚದರ ಅಡಿ, ಎರಡು ಗುಂಟೆ ಅಂದ್ರೆ ಧಾರಾಳ ಆಯ್ತು. ಕಣ್ಣಲ್ಲಿ ನೀರು ಬಂತು. ಆದ್ರೆ ಒಪ್ಪಲಿಲ್ಲ, ಎರಡು ಕಾರಣಕ್ಕೆ. ಒಂದು, ಅದು ಎರೆ ಭೂಮಿ. ಈರುಳ್ಳಿಗೆ ಬಂಗಾರ, ಗೋಡೆಗೆ ಶತ್ರು. ಬೇಸಿಗೇಲಿ ಕೈ ಇಳಿಬಿಡೋ ಅಷ್ಟು ಬಿರುಕು ಬಿಡುತ್ತೆ, ಮಳೇಲಿ ಉಬ್ಬುತ್ತೆ. ನಮ್ಮಪ್ಪ ಕಟ್ಟಿಸಿದ ಮನೆಯ ನಡುಮನೆ ಗೋಡೇಲಿ ಸೀಳು ಬಿಟ್ಟಿದ್ದನ್ನ ಪ್ರತಿ ಯುಗಾದಿಗೂ ಸುಣ್ಣದಲ್ಲಿ ಮುಚ್ಚಿದ್ದು ನಾನೇ. ಎರೇಲಿ ಕಟ್ಟಬಾರದು ಅಂತಲ್ಲ. ಗಟ್ಟಿ ಮಣ್ಣು ಸಿಗೋವರೆಗೂ ಪಾಯ ಇಳಿಸಿ, ಮರಳೋ ಗ್ರಾವೆಲ್ಲೋ ತುಂಬಿ, ಸುತ್ತ ಕಾಂಕ್ರೀಟ್ ಬೀಮ್ ಕಟ್ಟಬೇಕು. ಪುಕ್ಕಟೆ ಜಾಗ ಅಂತ ಹೋದ್ರೆ ಉಳಿದ ದುಡ್ಡೆಲ್ಲ ಪಾಯಕ್ಕೇ ಹೋಗುತ್ತೆ. ಇನ್ನು ಹೊಲ ಅಂದ್ರೆ ಭೂಪರಿವರ್ತನೆ ಆಗಬೇಕು, ಪಂಚಾಯ್ತೀಲಿ ಇ-ಸ್ವತ್ತು ಆಗಬೇಕು, 9 ಮತ್ತು 11ನೇ ನಮೂನೆ ಬರಬೇಕು. ಬಾಯಲ್ಲಿ ಕೊಟ್ಟೆ ಅಂದ್ರೆ ಆಗಲ್ಲ.

ಎರಡನೇ ಕಾರಣ ಹೇಳೋಕೆ ಸ್ವಲ್ಪ ಸಂಕೋಚ. 2001ರಲ್ಲಿ ಅಪ್ಪ ಹೋದ ಮೇಲೆ ಅಣ್ಣ ಬಂದು, "ಬ್ಯಾಂಕ್ ಸಾಲಕ್ಕೆ ಬೇಕು, ಒಂದು ಸೈನ್ ಹಾಕು" ಅಂದಿದ್ದ. ಅರಿಶಿನ ಕುಂಕುಮ, ಒಂದು ಸೀರೆ ಕೊಟ್ರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೂತು ಹಾಕಿದೆ. ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಅಪ್ಪ ವಿಲ್ ಬರೀದೆ ಹೋದ್ರೆ ಅಪ್ಪನ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ 1956ರ ಕಾನೂನೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಅಂತ 2005ರಲ್ಲಿ ದೇಶಕ್ಕೆಲ್ಲ ಆಯ್ತು. ಅಪ್ಪ 2005ರಲ್ಲಿ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದ್ಲೇ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟಲ್ಲಿ ಹೇಳಿತು. ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಪಾಲು ಪರಭಾರೆಗಳನ್ನ ಆ 2005ರ ಕಾನೂನು ಮುಟ್ಟಲ್ಲ. ನಮ್ಮಣ್ಣ ಕೆಟ್ಟವನಲ್ಲ. ನಾನು ಕೇಳಿದ್ರೂ ಸೈನ್ ಹಾಕ್ತಿದ್ದೆನೇನೋ. ಆದ್ರೆ ಹೇಳಿ ಹಾಕಿಸ್ಕೊಳ್ಳಲಿಲ್ಲವಲ್ಲ. ನನ್ನ ಪಾಲಿನದೇ ಜಾಗವನ್ನ ದಾನ ಅಂತ ತಗೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಸಿಕ್ಕಿದ್ದೇ ತರೀಕೆರೆಯದು. ಹಳೇ ಕೇರಿ, ಇಕ್ಕಟ್ಟು ಬೀದಿ. ಕಾರು ತಿರುಗಿಸೋಕೆ ಕಷ್ಟ, ಮಗ ಮುಖ ಸಿಂಡರಿಸಿದ. ಬಿದ್ದುಹೋದ ಮಣ್ಣಿನ ಮನೆ, ಹಿತ್ತಲಲ್ಲಿ ಸೇದೋ ಬಾವಿ, ಒಂದು ಪಾರಿಜಾತ. ದಕ್ಷಿಣಕ್ಕೆ ಮುಖ ಅಂತ ನಮ್ಮನೆಯವರ ತಕರಾರು. ನಾನು ನೋಡಿದ್ದು ಬೇರೆ. ಎದುರು ಮನೇಲಿ ಮೂರು ಹೆಂಗಸರು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ರು. ಕುಡಿಯೋ ನೀರು ಎಷ್ಟು ದಿನಕ್ಕೆ ಬರುತ್ತೆ, ಎಷ್ಟು ಹೊತ್ತಿಗೆ ಬರುತ್ತೆ, ಚರಂಡಿ ಯಾವ ಕಡೆ ಹೋಗುತ್ತೆ, ರಾತ್ರಿ ಬೀದಿ ದೀಪ ಉರಿಯುತ್ತಾ, ಕುಡುಕರ ಕಾಟ ಇದೆಯಾ, ಎಲ್ಲ ಅವರೇ ಹೇಳಿದ್ರು. ಬಾವಿ ನೀರನ್ನೂ ಬಾಟ್ಲಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟೆ. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರೋ ಊರುಗಳಿವೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಬರಲ್ಲ, ಮಕ್ಕಳ ಹಲ್ಲು ಹಳದಿ ಆಗುತ್ತೆ. ಇದು ಒಳ್ಳೇ ನೀರು ಅಂತ ಬಂತು. ಆಸ್ಪತ್ರೆ, ಸಂತೆ, ರೈಲ್ವೆ ಸ್ಟೇಷನ್ನು ಎಲ್ಲದಕ್ಕೂ ಆಟೋ ಸಾಕು. ನಮ್ಮತ್ತೆಗೆ ಎಂಬತ್ತಮೂರು, ನಮಗೂ ವಯಸ್ಸು ಇಳೀತಾ ಇಲ್ಲ. ಬೈಪಾಸಿನ ಬಯಲಲ್ಲಿ ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದ್ರೆ ಕೂಗಿದ್ರೂ ಕೇಳೋರು ಯಾರು?

ಮಾರೋರು ಇಬ್ಬರು ಅಣ್ಣತಮ್ಮಂದಿರು. ಖಾತೆ ಸತ್ತ ತಂದೆಯ ಹೆಸರಿಂದ ಇವರಿಗೆ ಬಂದಿತ್ತು, ಇ-ಖಾತೆ ಇತ್ತು, ಮೂವತ್ತು ವರ್ಷದ ಇಸಿ ತೆಗೆಸಿದ್ರೆ ಒಂದು ಹಳೇ ಸಾಲ ಬಿಟ್ರೆ ಏನೂ ಇಲ್ಲ, ಅದೂ ತೀರಿತ್ತು. ಎಲ್ರೂ ಸರಿ ಅಂದ್ರು. ನಾನು ವಂಶವೃಕ್ಷ ಕೇಳಿದೆ. ಯಾಕೆ ಅಂದ್ರು. ಇಸಿಯಲ್ಲಿ ಬರೋದು ರಿಜಿಸ್ಟರ್ ಆದ ಕಾಗದ ಮಾತ್ರ ಕಣ್ರೇ, ಹೆಣ್ಣುಮಕ್ಕಳು ಅದರಲ್ಲಿ ಬರಲ್ಲ. ವಂಶವೃಕ್ಷದಲ್ಲಿ ಬಂದ್ರು. ಇಬ್ಬರು ತಂಗಿಯರು! ಒಬ್ಬಳು ಬೀರೂರು, ಇನ್ನೊಬ್ಬಳು ದಾವಣಗೆರೆ.

"ಅವರಿಗೆ ಮದುವೇಲಿ ಕೊಟ್ಟಿದ್ದೀವಿ, ಅವರೇನೂ ಕೇಳಲ್ಲ" ಅಂದ ದೊಡ್ಡವನು. ನಮ್ಮನೆಯವರೂ, "ಅವರ ಮನೆ ವಿಷಯ ನಮಗ್ಯಾಕೆ, ಮುಂದೆ ತೊಂದರೆ ಆಗದಂಗೆ ಒಂದು ಸೈನ್ ಹಾಕಿಸ್ಕೊಂಡ್ರೆ ಆಯ್ತು" ಅಂದ್ರು. ಒಂದು ಸೈನ್! ಆ ಮಾತು ಕೇಳಿ ನನಗೆ ತಡೀಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಹತ್ರ ಹೇಳದೇ ಇದ್ದ ಸೀರೆಯ ಕಥೆ ಆವತ್ತು ಹೇಳಿದೆ. "ಅವರಿಬ್ಬರಿಗೂ ಏನು ಸೈನ್ ಅಂತ ಓದಿ ಹೇಳಿ, ದುಡ್ಡಲ್ಲಿ ಪಾಲು ಕೊಟ್ಟು ಮಾರಾಟದವರಾಗೇ ಅವರ ಸೈನ್ ಹಾಕಿಸಿದ್ರೆ ಮಾತ್ರ ಈ ಜಾಗ. ಇಲ್ದಿದ್ರೆ ಬಾಡಿಗೆ ಮನೇಲೇ ಸಾಯ್ತೀನಿ" ಅಂದೆ. ಸ್ವಲ್ಪ ಜಾಸ್ತಿನೇ ಆಯ್ತು, ಒಪ್ಕೋತೀನಿ. ಅವರು ಎದ್ದು ಆಚೆ ಹೋದ್ರು. ರಾತ್ರಿ ಊಟಕ್ಕೆ ಬಂದಾಗ, "ದಾವಣಗೆರೆಯವಳ ನಂಬರ್ ತಗೊಂಡಿದ್ದೀನಿ" ಅಂತ ಚೀಟಿ ಇಟ್ರು.

ನಾಲ್ಕು ತಿಂಗಳು ಹಿಡೀತು. ಅಣ್ಣತಮ್ಮಂದಿರು ಮೊದಲು ಬೇರೆಯವರಿಗೆ ಮಾರ್ತೀವಿ ಅಂದ್ರು, ಬಂದೋರ ವಕೀಲರೂ ತಂಗಿಯರ ಸೈನ್ ಕೇಳಿದ್ರಂತೆ, ವಾಪಸ್ ಬಂದ್ರು. ಅಷ್ಟರಲ್ಲಿ ನೋಂದಣಿ ಶುಲ್ಕ ಒಂದು ಪರ್ಸೆಂಟ್ ಇದ್ದಿದ್ದು 2025ರ ಆಗಸ್ಟ್ ಕೊನೆಗೆ ಎರಡಾಗಿಬಿಡ್ತು. ಮಗ ಲೆಕ್ಕ ಹಾಕಿ ಕಳಿಸಿದ, ಅಮ್ಮನ ಧರ್ಮಕ್ಕೆ ಇಷ್ಟು ಖರ್ಚು ಅಂತ. ತಮಾಷೆಗೆ ಅಂದಿದ್ದು, ಆದ್ರೂ ಚುಚ್ಚಿತು. ಕ್ರಯಪತ್ರದಲ್ಲಿ ನನ್ನ ಹೆಸರೂ ಇರಲಿ ಅಂದಿದ್ದಕ್ಕೆ ಮಾತ್ರ ಯಾರೂ ಎದುರು ಮಾತಾಡ್ಲಿಲ್ಲ.

ರಿಜಿಸ್ಟರ್ ದಿನ ದಾವಣಗೆರೆಯವಳು ಬಸ್ಸಲ್ಲಿ ಬಂದ್ಲು. ನನಗಿಂತ ದೊಡ್ಡವಳಿರಬೇಕು, ಸಣ್ಣ ಧ್ವನಿ. ಕಾಗದ ಪೂರ್ತಿ ಓದಿಸ್ಕೊಂಡು ಹೆಬ್ಬೆಟ್ಟು ಕೊಟ್ಟು, ಫೋಟೋ ತೆಗೆಸ್ಕೊಂಡು, ಚೆಕ್ಕನ್ನ ಸೆರಗಿನ ಗಂಟಲ್ಲಿ ಇಟ್ಕೊಂಡ್ಲು. ಆಮೇಲೆ ಆ ಜಾಗಕ್ಕೆ ಒಂದ್ಸಲ ಹೋಗಿ ಬರ್ತೀನಿ ಅಂದ್ಲು, ನಾನೂ ಹೋದೆ. ಬಿದ್ದ ಗೋಡೆ ನಡುವೆ ನಿಂತು ಇಲ್ಲಿ ಒಲೆ ಇತ್ತು, ಇಲ್ಲಿ ಅವ್ವ ಮಲಗ್ತಿದ್ಲು ಅಂತ ತೋರಿಸಿದ್ಲು. ಮಣ್ಣಲ್ಲಿ ಅರ್ಧ ಹೂತಿದ್ದ ಒರಳುಕಲ್ಲು ಕಂಡು, "ಇದನ್ನ ನಾನು ತಗೊಂಡು ಹೋಗ್ಲಾ?" ಅಂತ ಕೇಳಿದ್ಲು.

ಆ ಕಲ್ಲನ್ನ ಬಸ್ಸಿಗೆ ಹೇಗೆ ಹಾಕೋದು ಹೇಳಿ. ಪಾಯದ ಪೂಜೆ ಮಾಘದಲ್ಲಿ ಇಟ್ಕೊಂಡಿದ್ದೀವಿ, ಆಗ ಅವಳ ಮಗ ಗೂಡ್ಸ್ ಆಟೋ ತರ್ತಾನಂತೆ. ಅಲ್ಲೀವರೆಗೂ ಪಾರಿಜಾತದ ಬುಡದಲ್ಲಿ ತೊಳೆದು ಮಗುಚಿ ಇಟ್ಟಿದ್ದೀನಿ.