ಹೊಸ ಮನೆಯೂ ಗೃಹಿಣಿಯ ಮಾತೂ

ಬೇಸಗೆ ಬಂದಿತೆಂದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಂದ ಗೃಹಪ್ರವೇಶದ ಆಮಂತ್ರಣಪತ್ರಗಳು ಒಂದರ ಹಿಂದೊಂದಾಗಿ ಬರತೊಡಗುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಸೀಮೆಗಳಲ್ಲಿ ನಾವು ಹೋಗಿ, ಉಂಡು, ಹರಸಿ ಬಂದ ಮನೆಗಳು ಒಂದೆರಡಲ್ಲ. ಬೆಂಚಿನ ಮೇಲೆ ಕುಳಿತು ಪಾಠ ಕಲಿತ ಹುಡುಗಿಯು ತನ್ನ ಸ್ವಂತ ಮನೆಯ ಹೊಸ್ತಿಲಲ್ಲಿ ನಿಂತು ನಮ್ಮನ್ನು ಒಳಕ್ಕೆ ಕರೆಯುವುದನ್ನು ನೋಡುವುದು ಎಂತಹ ಸಂತೋಷವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಆ ಸಂತೋಷದ ನಡುವೆ ಒಂದು ಸಂಗತಿಯು ನಮ್ಮ ಮನಸ್ಸನ್ನು ಬಹುಕಾಲದಿಂದ ಚುಚ್ಚುತ್ತಿದೆ. ಹೊಸ ಮನೆಯೊಡತಿಯನ್ನು ನಾವು ಒಂದು ಕಡೆಗೆ ಕರೆದು, “ನಕ್ಷೆಯನ್ನು ಬರೆಯಿಸುವಾಗ ನಿನ್ನನ್ನು ಕೇಳಿದರೇನಮ್ಮಾ?” ಎಂದು ವಿಚಾರಿಸುವ ರೂಢಿಯುಂಟು. ಬಹುಮಂದಿ ನಗುತ್ತ ಕೊಡುವ ಉತ್ತರವು ಒಂದೇ: “ಅಡಿಗೆಮನೆಯ ಕಲ್ಲಿಗೆ ಯಾವ ಬಣ್ಣವೆಂದು ಕೇಳಿದರು.”

ಮನೆಯೊಳಗೆ ಹೆಚ್ಚು ಹೊತ್ತು ಇರುವವಳು, ಒಲೆಯ ಉರಿಯನ್ನೂ ತೊಟ್ಟಿಯ ನೀರನ್ನೂ ದೀಪದ ಖರ್ಚನ್ನೂ ದಿನದಿನವೂ ಅಳೆಯುವವಳು ಗೃಹಿಣಿಯು. ಅವಳ ಮಾತನ್ನು ಅಸ್ತಿಭಾರಕ್ಕೆ ಮೊದಲು ಕೇಳದೆ ಬಣ್ಣ ಬಳಿಯುವಾಗ ಕೇಳುವುದರಿಂದಲೇ ನಮ್ಮ ಹೊಸ ಮನೆಗಳು ಸೆಕೆಯ ಗೂಡುಗಳೂ ಖರ್ಚಿನ ಮೂಲಗಳೂ ಆಗುತ್ತಿವೆ ಎಂಬುದು ನಮ್ಮ ಅಭಿಪ್ರಾಯವು. ಇದನ್ನು ಪೂರ್ವವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ.

ಮೊದಲು ನೆಲದ ವಿಚಾರವನ್ನು ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಇತ್ತೀಚೆಗೆ. ಜಿಲ್ಲೆಯೊಂದಾದ ಮಾತ್ರಕ್ಕೆ ಹವೆಯೊಂದಾಗುವುದುಂಟೆ? ಚನ್ನಗಿರಿ, ನ್ಯಾಮತಿಗಳು ಮಲೆನಾಡಿನ ಮಗ್ಗುಲಿನವು. ಅಲ್ಲಿ ಅಡಿಕೆತೋಟದ ತಂಪುಂಟು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿರುವುದು. ಅಲ್ಲಿ ಹೊಳೆಯ ಉಪಕಾರವೂ ಉಂಟು, ಹೊಳೆಯ ಭಯವೂ ಉಂಟು. ಜಗಳೂರಾದರೋ ಬಯಲುಸೀಮೆ, ಮಳೆ ಕಡಮೆ, ಬಿಸಿಲು ಬಲು ಕಠಿಣ. ಹೀಗಿದ್ದರೂ ಇಂದು ಈ ನಾಲ್ಕು ಕಡೆಗಳಲ್ಲಿಯೂ ಏಳುತ್ತಿರುವ ಮನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ: ಮೇಲೆ ಬರಿಯ ಕಾಂಕ್ರೀಟಿನ ತಾರಸಿ, ಮುಂದೆ ಗಾಜಿನ ಕಿಟಕಿ, ಸುತ್ತಲೂ ಮಣ್ಣು ಕಾಣದಂತೆ ಸಿಮೆಂಟಿನ ಅಂಗಳ.

ನಮ್ಮ ಹಿರಿಯರು ಹೀಗೆ ಮಾಡಿದವರಲ್ಲ. ಜಗಳೂರಿನ ಕಡೆಯವರು ಕಲ್ಲುಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ ಜಂತೆಗಳನ್ನು ಹಾಯಿಸಿ, ಮೇಲೆ ಮಣ್ಣಿನ ಮಾಳಿಗೆಯನ್ನು ಹಾಕಿ, ಬೆಳಕಿಂಡಿಯೊಂದನ್ನು ಬಿಡುತ್ತಿದ್ದರು. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿ ಗಾಳಿ ತಂಪಾಗಿರುತ್ತಿತ್ತು. ಮಳೆ ಹೆಚ್ಚಿದ ಸೀಮೆಯವರು ಇಳಿಜಾರು ಮಾಡಿಗೆ ನಾಡಹೆಂಚನ್ನು ಹೊದಿಸುತ್ತಿದ್ದರು. ಬಳಿಕ ಮಂಗಳೂರು ಹೆಂಚು ಬಂದಿತು. ಅದರ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದವರು ಬಾಸೆಲ್ ಮಿಶನ್ನಿನವರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಕರ್ತೃಗಳು. ಊರಿನ ಜೇಡಿಮಣ್ಣನ್ನೇ ಉಪಯೋಗಿಸಿ, ಮಳೆಗೆ ತಕ್ಕ ಹೊದಿಕೆಯನ್ನು ಮಾಡಿದ ಆ ಬುದ್ಧಿಯನ್ನು ಮಿಶನ್ ಶಾಲೆಯಲ್ಲಿ ಓದಿದವರು ಮರೆಯಬಾರದು.

ಪರರಿಗೆ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ನಮ್ಮ ಮನೆತನದ ಮಾಳಿಗೆ ಮನೆಯನ್ನು ನಾವೇ ನಿಂತು ಕೆಡವಿಸಿದೆವು. ಪ್ರತಿವರ್ಷ ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವ ತೊಂದರೆ ತಪ್ಪಿತೆಂದು ಹಿಗ್ಗಿ, ತಾರಸಿಯ ಮನೆಯನ್ನು ಕಟ್ಟಿಸಿದೆವು. ಪಡುವಣ ದಿಕ್ಕು ರಸ್ತೆಗೆ ಕಾಣುವುದೆಂದು ದೊಡ್ಡ ಕಿಟಕಿಗಳನ್ನೆಲ್ಲ ಅತ್ತಲೇ ಇಡಿಸಿದೆವು. ನಮ್ಮ ತಾಯಿಯವರು, “ಇಳಿಹೊತ್ತಿನ ಬಿಸಿಲೆಲ್ಲ ಒಳಗೆ ಬರುತ್ತದಲ್ಲ” ಎಂದಾಗ, “ಫ್ಯಾನಿದೆಯಲ್ಲವೇ” ಎಂದುಬಿಟ್ಟೆವು. ಮೊದಲನೆಯ ಬೇಸಗೆಯಲ್ಲಿಯೇ ಅವರು ಒಂದು ಮಾತನ್ನೂ ಆಡದೆ ತಮ್ಮ ಮಂಚವನ್ನು ಅಂಗಳಕ್ಕೆ ಹಾಕಿಸಿಕೊಂಡರು. ಲಕ್ಷಗಟ್ಟಲೆ ವೆಚ್ಚಮಾಡಿ ಕಟ್ಟಿಸಿದ ಮನೆಯಿಂದ ಮನೆಯ ಹಿರಿಯಳು ಹೊರಗೆ ಮಲಗಿದ ಆ ರಾತ್ರಿಯನ್ನು ನಾವು ಇಂದಿಗೂ ಮರೆತಿಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಆಯ ನೋಡಿಸುವ ನಾವು, ಬಿಸಿಲು ಯಾವ ಗೋಡೆಗೆ ಬೀಳುವುದೆಂದು ನೋಡದೆ ಹೋದೆವು.

ಹಾಗಾದರೆ ಹಳೆಯ ಮನೆಗೇ ಮರಳಬೇಕೆಂದು ನಾವು ಹೇಳುವೆವೇ? ಇಲ್ಲ. ಮಾಳಿಗೆ ಸೋರುತ್ತಿತ್ತು, ತೊಲೆಗೆ ಗೆದ್ದಲು ಹಿಡಿಯುತ್ತಿತ್ತು, ಅಡಿಗೆಮನೆಯ ಹೊಗೆ ಹೆಂಗಸರ ಕಣ್ಣನ್ನೂ ಎದೆಯನ್ನೂ ಕೆಡಿಸುತ್ತಿತ್ತು. 2019ರ ಆಗಸ್ಟಿನಲ್ಲಿ ಹೊಳೆಯು ಉಕ್ಕಿದಾಗ ಬರಿಯ ಮಣ್ಣಿನ ಗೋಡೆಗಳ ಗತಿ ಏನಾಯಿತೆಂಬುದನ್ನು ಹೊನ್ನಾಳಿಯವರು ಬಲ್ಲರು. ಬೇಕಾದುದು ಹಳೆಯ ಬುದ್ಧಿ, ಹೊಸ ವಿದ್ಯೆ ಎರಡೂ. ಅಂತಹ ವಿದ್ಯೆಯು ನಮ್ಮ ನಾಡಿನಲ್ಲಿಯೇ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ವೆಂಬ ವಿಭಾಗವನ್ನು ಆರಂಭಿಸಿದರು. ಕಡಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸುವ ‘ಅಸ್ತ್ರ ಒಲೆ’ಯು ಅವರದೇ. ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನೂ ಅವರು ರೂಢಿಗೆ ತಂದರು. ಇದನ್ನು ಸುಡಬೇಕಾಗಿಲ್ಲ, ಆದುದರಿಂದ ಸೌದೆಯೂ ಕಲ್ಲಿದ್ದಲೂ ಉಳಿಯುತ್ತವೆ. ಮರಳು ಬೆರೆತ ಕೆಂಪುಮಣ್ಣು ಇದಕ್ಕೆ ಉತ್ತಮ. ಎರೆಮಣ್ಣು ಒದ್ದೆಯಾದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಒಗ್ಗದು.

ಲಾರಿ ಬೇಕರ್ ಎಂಬವರ ಹೆಸರನ್ನೂ ಇಲ್ಲಿ ನೆನೆಯಬೇಕು. ಇವರು 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಸೇವೆಯ ಮಿಶನ್ನಿಗೆ ಶಿಲ್ಪಿಗಳಾಗಿ ಭಾರತಕ್ಕೆ ಬಂದು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಳ್ಳುವ ತನಕ ಬಡವರಿಗೆ ಒಗ್ಗುವ ಮನೆಗಳನ್ನು ಕಟ್ಟಿದವರು. ಹಳ್ಳಿಯ ಮನೆಗೆ ಬೇಕಾದ ಸಾಮಾನೆಲ್ಲವೂ ಐದು ಮೈಲಿಯ ಸುತ್ತಿನೊಳಗೇ ಸಿಕ್ಕುವಂತಿರಬೇಕೆಂಬ ಗಾಂಧೀಜಿಯವರ ಮಾತು ಇವರ ಬಾಳಿಗೆ ದಾರಿಯಾಯಿತು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವುದನ್ನು ಇವರು ಬಹಳವಾಗಿ ಬಳಸಿದರು. ಇದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲು ಪಾಲು ಉಳಿಯುವುದಲ್ಲದೆ, ಪೊಳ್ಳಿನ ಗಾಳಿಯು ಕಾವನ್ನು ತಡೆಯುತ್ತದೆ. ತಾರಸಿಯ ಕೆಳಮೈಯಲ್ಲಿ ಭಾರ ಹೊರದ ಕಡೆ ಕಾಂಕ್ರೀಟಿಗೆ ಬದಲಾಗಿ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸುವುದೂ ಇವರು ಬಳಕೆಗೆ ತಂದ ಉಪಾಯ. ಲೋಕದಲ್ಲಿ ಮನುಷ್ಯನು ವಾಯುವಿಗೆ ಬಿಡುವ ಅಂಗಾರಾಮ್ಲದಲ್ಲಿ ನೂರಕ್ಕೆ ಸುಮಾರು 7 ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುವುದೆಂದ ಮೇಲೆ, ಒಂದು ಚೀಲ ಸಿಮೆಂಟನ್ನು ಉಳಿಸುವುದೂ ಸಣ್ಣ ಮಾತಲ್ಲ.

ಇನ್ನು ಗೃಹಿಣಿಯು ಕೇಳಬೇಕಾದ ಮಾತುಗಳು. ಮನೆಯ ಉದ್ದನೆಯ ಗೋಡೆಗಳು ತೆಂಕಣ ಬಡಗಣಕ್ಕೆ ಇರಲಿ. ಪಡುವಣ ಗೋಡೆಗೆ ಕಿಟಕಿ ಸಣ್ಣದಿರಲಿ. ಅತ್ತ ಒಂದು ಬೇವನ್ನೋ ಹೊಂಗೆಯನ್ನೋ ನೆಡಿರಿ. ತಾರಸಿಯೇ ಬೇಕೆಂದರೆ ಅದರ ಮೇಲೆ ವರ್ಷವರ್ಷವೂ ಸುಣ್ಣದ ಬಿಳುಪನ್ನು ಬಳಿಯಿಸಿರಿ. ಹೊಳೆಯ ದಡದವರು ಕಲ್ಲಿನ ತಳಗಟ್ಟನ್ನು ನೆರೆಯ ಗುರುತಿಗಿಂತ ಎತ್ತರಿಸಬೇಕು. ಸ್ನಾನದ ನೀರಿಗೆ ಹಂಡೆಯ ಒಲೆಯನ್ನು ಉರಿಸುವ ಬದಲು ಸೂರ್ಯನಿಂದಲೇ ನೀರು ಕಾಯಿಸುವ ಸಾಧನವನ್ನಿಡಬಹುದು. ಆ ಒಲೆಯ ಮುಂದೆ ಬೆಳಗಿನ ಜಾವದಲ್ಲಿ ಕುಳಿತು ಊದುವವಳು ಯಾರೆಂಬುದು ಎಲ್ಲರಿಗೂ ಗೊತ್ತಷ್ಟೆ.

ನೀರಿನ ಲೆಕ್ಕವನ್ನು ನಮ್ಮ ಗಣಿತದ ತರಗತಿಯವರೇ ಮಾಡಬಲ್ಲರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. 1,000 ಚದರ ಅಡಿಯ ಮಾಡೆಂದರೆ ಸುಮಾರು 93 ಚದರ ಮೀಟರು. ವರ್ಷದ ಮಳೆಯನ್ನು 500 ಮಿಲಿಮೀಟರೆಂದೇ ಇಟ್ಟುಕೊಂಡು, ಐದರಲ್ಲೊಂದು ಪಾಲು ನಷ್ಟವಾಯಿತೆಂದರೂ 37,000 ಲೀಟರು ಕೈಗೆ ಬರುವುದು. ಜಗಳೂರು ಸೀಮೆಯಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಹಲ್ಲಿಗೂ ಮೂಳೆಗೂ ಕೇಡುಮಾಡುವ ಫ್ಲೋರೈಡು ಇರುವಾಗ, ಮಾಡಿನಿಂದ ಇಳಿದ ನೀರನ್ನು ಶೋಧಿಸಿ ತೊಟ್ಟಿಯಲ್ಲಿಡುವುದು ಮಕ್ಕಳ ಆರೋಗ್ಯದ ಪ್ರಶ್ನೆಯೇ ಆಗಿದೆ. ಚನ್ನಗಿರಿಯವರಿಗೆ ಇದನ್ನು ಹೊಸದಾಗಿ ಕಲಿಸಬೇಕೆ? ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ಶಾಂತಿಸಾಗರವನ್ನು ನಿಲ್ಲಿಸಿದ ನಾಡಿನವರು ಅವರು.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. “ಮಣ್ಣಿನ ಮನೆಯೆಂದರೆ ಬಡವರ ಮನೆ; ನೆಂಟರು ಏನೆಂದಾರು?” ಎಂಬುದು ಒಂದು. ನೆಂಟರು ಎರಡು ದಿನ ಇದ್ದು ಹೋಗುವರು. ಸೆಕೆಯು ಮನೆಯವರ ಪಾಲಿಗೆ ಉಳಿಯುವುದು. “ಗೃಹಜ್ಯೋತಿಯಿಂದ ಕರೆಂಟು ಬಿಟ್ಟಿಯಾಗಿರುವಾಗ ಉಳಿತಾಯವೇಕೆ?” ಎಂಬುದು ಇನ್ನೊಂದು. 2023ರಲ್ಲಿ ಆರಂಭವಾದ ಈ ಯೋಜನೆಗೂ ತಿಂಗಳಿಗೆ 200 ಯೂನಿಟ್ಟಿನ ಎಲ್ಲೆಯುಂಟು. ಬಿಲ್ಲು ಬಾರದಿದ್ದರೂ ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ; ಆ ಹೊಗೆಯನ್ನು ನಮ್ಮ ಮಕ್ಕಳೇ ಸೇವಿಸಬೇಕು. 75 ವಾಟಿನ ಹಳೆಯ ಫ್ಯಾನಿಗೆ ಬದಲು 30 ವಾಟಿನ ಹೊಸದನ್ನು ದಿನಕ್ಕೆ 12 ಗಂಟೆ ನಡೆಯಿಸಿದರೆ ತಿಂಗಳಿಗೆ 16 ಯೂನಿಟ್ಟು ಉಳಿಯುವುದು. ಅನುಕೂಲವುಳ್ಳವರು ಮಾಡಿನ ಮೇಲೆ ಸೌರವಿದ್ಯುತ್ತಿನ ಹಲಗೆಗಳನ್ನೇ ಹಾಕಿಸಬಹುದು. 2024ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಇಟ್ಟಿದ್ದಾರೆ. ಆದರೆ ಸೆಕೆಯ ಮನೆಯನ್ನು ಕಟ್ಟಿ, ಅದನ್ನು ತಂಪುಮಾಡಲು ಹಲಗೆ ಹಾಕುವುದು ತೂತಿನ ಕೊಡಕ್ಕೆ ನೀರು ಸೇದಿದಂತೆಯೇ ಸರಿ. ಮೊದಲು ಮನೆ, ಅನಂತರ ಹಲಗೆ.

ತಾಯ್ತಂದೆಗಳೇ, ನೀವು ಹೆಣ್ಣುಮಕ್ಕಳನ್ನು ಓದಿಸಿದಿರಿ. ಗಣಿತವನ್ನೂ ವಿಜ್ಞಾನವನ್ನೂ ಆರೋಗ್ಯಶಾಸ್ತ್ರವನ್ನೂ ಕಲಿತು ಬಂದ ಮಗಳನ್ನು, ಸೊಸೆಯನ್ನು ಮನೆಯ ನಕ್ಷೆಯ ಮುಂದೆ ಕುಳ್ಳಿರಿಸದಿದ್ದರೆ ಆ ವಿದ್ಯೆಗೆ ಬೆಲೆ ಎಲ್ಲಿಯದು? ಪೂರ್ವವಿದ್ಯಾರ್ಥಿನಿಯರೇ, ನೀವೂ ಕೇಳುವ ತನಕ ಕಾಯಬೇಡಿರಿ. ಮೇಸ್ತ್ರಿಯು ದಾರ ಹಿಡಿದು ಗುರುತು ಹಾಕುವ ದಿನ ನೀವೂ ನಿವೇಶನದಲ್ಲಿ ನಿಲ್ಲಿರಿ; ಗಾಳಿ ಎತ್ತಣಿಂದ ಬರುವುದು, ಸಂಜೆಯ ಬಿಸಿಲು ಎಲ್ಲಿ ಬೀಳುವುದು, ಮಳೆಯ ನೀರು ಎತ್ತ ಹರಿಯುವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಮುಂದಿನ ಬೇಸಗೆಯ ಗೃಹಪ್ರವೇಶಕ್ಕೆ ನಾವು ಬಂದು ಎಂದಿನಂತೆ ವಿಚಾರಿಸಿದಾಗ, “ನಕ್ಷೆಯನ್ನು ಬರೆಯಿಸಿದವಳು ನಾನೇ” ಎಂಬ ಉತ್ತರವು ನಮ್ಮ ಕಿವಿಗೆ ಬೀಳಲಿ.