‘ಏನೂ ಇಲ್ಲ’ ಎನ್ನುವ ಕಾಯಿಲೆ

‘ನಿನಗೇನೂ ಇಲ್ಲಮ್ಮ, ರಿಪೋರ್ಟೆಲ್ಲ ನಾರ್ಮಲ್ ಇದೆ.’ ಈ ಮಾತನ್ನು ಆಸ್ಪತ್ರೆಯಲ್ಲಿ ಒಮ್ಮೆಯಾದರೂ ಕೇಳಿಸಿಕೊಳ್ಳದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಎದೆ ಡವಗುಟ್ಟುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಬಂದವಳಿಗೆ ಇಸಿಜಿ ಆಗುತ್ತದೆ, ರಕ್ತಪರೀಕ್ಷೆ ಆಗುತ್ತದೆ, ಸ್ಕ್ಯಾನಿಂಗ್ ಆಗುತ್ತದೆ. ಕೊನೆಗೆ ಸಿಗುವುದು ಈ ತೀರ್ಪು. ಅವಳ ಬೆನ್ನ ಹಿಂದೆ ನಿಂತ ಗಂಡನೋ ಅತ್ತೆಯೋ ಅದರ ಅರ್ಥವನ್ನು ಕೂಡಲೇ ಬಿಡಿಸಿಕೊಳ್ಳುತ್ತಾರೆ: ಇಷ್ಟು ದಿನ ಇವಳು ಆಡಿದ್ದೆಲ್ಲ ನಾಟಕ!

ಜನರಲ್ ಆಸ್ಪತ್ರೆಯೊಂದರಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾದ ನನ್ನ ಕೆಲಸವೆಲ್ಲ ವಾರ್ಡುಗಳಲ್ಲಿ. ಮೆಡಿಕಲ್, ಸರ್ಜಿಕಲ್, ಹೆರಿಗೆ, ಸುಟ್ಟಗಾಯ, ಯಾವ ವಾರ್ಡಿನಿಂದ ಚೀಟಿ ಬಂದರೂ ಹೋಗಿ ರೋಗಿಯ ಪಕ್ಕ ಕೂತು ಮಾತಾಡಬೇಕು. ತಿಳಿದದ್ದನ್ನು ಮನೋವೈದ್ಯರಿಗೆ, ವಾರ್ಡಿನ ಡಾಕ್ಟರಿಗೆ, ಮನೆಯವರಿಗೆ ಅವರವರಿಗೆ ಅರ್ಥವಾಗುವಂತೆ ಮುಟ್ಟಿಸಬೇಕು. ಆದರೆ ಚೀಟಿ ಬರುವುದು ಯಾವಾಗ? ಎಲ್ಲ ಪರೀಕ್ಷೆ ಮುಗಿದು, ಡಿಸ್‌ಚಾರ್ಜ್ ಕಾಗದ ಸಿದ್ಧವಾದ ಮೇಲೆ. ‘ಸ್ವಲ್ಪ ಬುದ್ಧಿ ಹೇಳಿ ಕಳಿಸಿ ಮೇಡಂ’ ಎಂಬ ಮಾತು ಬೇರೆ. ಬುದ್ಧಿ ಹೇಳುವವರಿಗೆ ಅವಳ ಊರಿನಲ್ಲಿ ಬರವೇ? ಕೇಳಿಸಿಕೊಳ್ಳುವವರಿಗೆ ಬರ.

ಮನಸ್ಸು ಒಂದು ಕಡೆ, ಮೈ ಇನ್ನೊಂದು ಕಡೆ ಎಂದು ಗೋಡೆ ಕಟ್ಟಿದವರು ಒಂದು ವಾರ ವಾರ್ಡಿನಲ್ಲಿ ಓಡಾಡಿ ನೋಡಲಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ, ರಾತ್ರಿ ಆದೊಡನೆ ಸತ್ತುಹೋದ ತಂಗಿಯನ್ನು ಕೂಗುತ್ತಾಳೆ, ಸಲೈನ್ ಕಿತ್ತೆಸೆಯುತ್ತಾಳೆ. ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಕಾರಣ ಸೋಂಕಿರಬಹುದು, ರಕ್ತದಲ್ಲಿ ಉಪ್ಪಿನಂಶದ ಏರುಪೇರಿರಬಹುದು, ಕೊಟ್ಟ ಔಷಧಿಯೇ ಇರಬಹುದು. ಕಾಲು ಮುರಿದುಕೊಂಡು ಬಂದ ಕುಡುಕ, ಎರಡು ಮೂರು ದಿನ ಹೆಂಡ ಸಿಗದೆ ನಡುಗುತ್ತಾ ಗೋಡೆಯ ಮೇಲೆ ಹುಳ ಕಾಣುತ್ತಾನೆ. ಇದು ಜೀವಕ್ಕೇ ಅಪಾಯ. ಹೆರಿಗೆಯಾಗಿ ವಾರವಾಗಿಲ್ಲ, ಬಾಣಂತಿ ನಿದ್ದೆ ಬಿಟ್ಟಿದ್ದಾಳೆ, ಮಗು ತನ್ನದಲ್ಲ ಎನ್ನುತ್ತಾಳೆ. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಹೆಸರಿಟ್ಟೇ ಗುರುತಿಸಿದ್ದ ಈ ಕಾಯಿಲೆಗೆ ಇಂದು ಒಳ್ಳೆಯ ಚಿಕಿತ್ಸೆಯಿದೆ. ಅದಕ್ಕೆ ಕಾಯುವ ಸಮಯ ಮಾತ್ರ ಇಲ್ಲ. ಇದರ ತಿರುಗು ಮುರುಗೂ ಉಂಟು. ಥೈರಾಯ್ಡ್ ಕುಂದಿದವಳು, ರಕ್ತಹೀನತೆಯಿಂದ ಬಸವಳಿದವಳು ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಹಿತವಚನ ಹೊತ್ತು ಮನೆಗೆ ಮರಳುತ್ತಾಳೆ. ಎರಡು ಕಡೆಯೂ ತಪ್ಪು ಒಂದೇ: ಅವಳ ಮಾತನ್ನು ಪೂರ್ತಿ ಕೇಳದಿರುವುದು.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಯುವುದು ವಿಷ ಕುಡಿದು ಬಂದವರ ವಿಚಾರದಲ್ಲಿ. ಹೊಟ್ಟೆ ತೊಳೆಯುತ್ತಾರೆ, ಹಗಲೂ ರಾತ್ರಿ ನಿಂತು ಜೀವ ಉಳಿಸುತ್ತಾರೆ. ಆ ಡಾಕ್ಟರಿಗೆ, ಸಿಸ್ಟರಿಗೆ ಕೈ ಮುಗಿಯಬೇಕು. ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ. ‘ಹೊಟ್ಟೆನೋವು ತಾಳಲಾರದೆ’ ಎಂದು ಮನೆಯವರು ಬರೆಸುತ್ತಾರೆ. ಐದನೇ ದಿನ ಅದೇ ಮನೆಗೆ, ಅದೇ ಕೋಣೆಗೆ ವಾಪಸು. ಯಾಕಮ್ಮ ಹೀಗೆ ಮಾಡಿಕೊಂಡೆ ಎಂದು ಬೈದವರು ಹತ್ತು ಜನ, ಯಾಕಮ್ಮ ಎಂದು ಕೇಳಿದವರು ಒಬ್ಬರೂ ಇಲ್ಲ. ಕೇಳಬೇಕೆಂದರೂ ಜಾಗವೆಲ್ಲಿ? ಮಂಚದ ಸುತ್ತ ಒಂದು ಪರದೆಯಿಲ್ಲ, ತಲೆದಸಿಯಲ್ಲಿ ಅತ್ತೆ ಕಾವಲು. ಮೆಟ್ಟಿಲ ಕೆಳಗೆ ಕೂರಿಸಿಕೊಂಡು ಮಾತಾಡಿಸಿದರೆ, ‘ಅಕ್ಕಾ, ಇದುವರೆಗೆ ಇದನ್ನ ಯಾರೂ ಕೇಳಿರಲಿಲ್ಲ’ ಎಂದು ಅಳುತ್ತಾರೆ.

ಇದು ಕರುಣೆಯ ಪ್ರಶ್ನೆ ಎಂದು ಯಾರೂ ತಿಳಿಯಬಾರದು, ಕಾನೂನಿನ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ ಮತ್ತೆ ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು ಎಂದೂ ಹೇಳುತ್ತದೆ. ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮು, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಶಿಕ್ಷೆ ಹೋಯಿತು, ಸರಿ. ಆರೈಕೆ ಎಲ್ಲಿ ಬಂತು?

‘ಓಪಿಡಿಯಲ್ಲಿ ಅಷ್ಟುದ್ದ ಸಾಲು, ಮನಸ್ಸಿನ ಕತೆ ಕೇಳುತ್ತಾ ಕೂರಲಾದೀತೆ?’ ಎನ್ನುವ ಡಾಕ್ಟರ ಕಷ್ಟ ನನಗೆ ಗೊತ್ತು. ಅವರು ಕೂರುವುದು ಬೇಡ. ಬಿ.ಪಿ. ನೋಡುವಾಗ ‘ನಿದ್ದೆ ಬರುತ್ತದೆಯೇ? ಬದುಕು ಸಾಕೆನಿಸಿದೆಯೇ?’ ಎಂದು ಎರಡು ಪ್ರಶ್ನೆ ಕೇಳಿ, ಮೊದಲ ದಿನವೇ ಚೀಟಿ ಬರೆಯಲಿ. ಕೂರುವುದಕ್ಕೆ ನಮ್ಮಂಥವರನ್ನು ನೇಮಿಸಲಿ, ಬಾಗಿಲಿರುವ ಒಂದು ಚಿಕ್ಕ ಕೋಣೆ ಕೊಡಲಿ. ಇದೇನು ಹೊಸ ಬೇಡಿಕೆಯೇ? ಕಲ್ಕತ್ತೆಯ ಸಾಮಾನ್ಯ ಆಸ್ಪತ್ರೆಯೊಂದರಲ್ಲಿ ಗಿರೀಂದ್ರಶೇಖರ ಬೋಸರು ಮನೋರೋಗಿಗಳನ್ನು ನೋಡತೊಡಗಿದ್ದು 1933ರಲ್ಲಿ. ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಕಟ್ಟಿದ್ದು ಎಂಬತ್ತರ ದಶಕದಲ್ಲಿ, ನಮ್ಮದೇ ಬಳ್ಳಾರಿಯಲ್ಲಿ. 1996ರಲ್ಲಿ ದೇಶವೇ ಅದನ್ನು ಕೈಗೆತ್ತಿಕೊಂಡಿತು. ದಾರಿ ತೋರಿಸಿದ ನಾಡಿನಲ್ಲೇ ಮನಸ್ಸಿನ ವೈದ್ಯ ಕಾರಿಡಾರಿನ ಕೊನೆಯ ಕೋಣೆಗೆ ಸೀಮಿತವಾದರೆ ಹೇಗೆ?

ಆಸ್ಪತ್ರೆಯನ್ನಷ್ಟೇ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ‘ನಾಟಕ’ ಎಂಬ ಮಾತು ಮೊದಲು ಹುಟ್ಟುವುದು ನಮ್ಮ ಅಡುಗೆಮನೆಗಳಲ್ಲಿ. ಸೊಸೆಯ ಬಗ್ಗೆ, ಓರಗಿತ್ತಿಯ ಬಗ್ಗೆ, ಪಕ್ಕದ ಮನೆಯವಳ ಬಗ್ಗೆ ಅದನ್ನು ಆಡುವವರು ನಾವೇ. ಇನ್ನು ಮೇಲೆ ಯಾರ ಜೊತೆಗಾದರೂ ಆಸ್ಪತ್ರೆಗೆ ಹೋದರೆ, ಅವಳು ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಲು ಐದು ನಿಮಿಷ ಹೊರಗೆ ನಿಲ್ಲಿ. ಊರಿನಲ್ಲಿ ಮನೋವೈದ್ಯರಿಲ್ಲದಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ ಫೋನು ಮಾಡಿ; ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಖರ್ಚಿಲ್ಲ. ಮತ್ತೆ ಯಾರಾದರೂ ‘ಏನೂ ಇಲ್ಲ’ ಎಂದರೆ, ತಲೆ ಬಗ್ಗಿಸಿ ಎದ್ದು ಬರಬೇಡಿ. ‘ಏನೂ ಇಲ್ಲದಿದ್ದರೆ ಇವಳಿಗೆ ನಿದ್ದೆ ಯಾಕೆ ಬರುತ್ತಿಲ್ಲ ಡಾಕ್ಟ್ರೇ?’ ಎಂದು ಕೇಳಿ, ಉತ್ತರ ಸಿಗುವವರೆಗೆ ಕುರ್ಚಿ ಬಿಡಬೇಡಿ.