ಮೊಟ್ಟೆಗೆ ಚೀಟಿ ಕೇಳುವ ನಾವು ಹವಳಕ್ಕೆ ಯಾಕೆ ಕೇಳಬಾರದು?

ಜಂಗಮಕೋಟೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಇನ್ನೂರೈವತ್ತು ಕಿಲೋಮೀಟರಿಗಿಂತ ದೂರ. ಆದರೆ ಫೋನಿನಲ್ಲಿ ಅದು ಅಂಗೈ ಮೇಲೇ ಇದೆ. ಗಾಜಿನ ತೊಟ್ಟಿಯಲ್ಲಿ ಹಸಿರು, ಕಿತ್ತಳೆ, ನೇರಳೆ ಬಣ್ಣದಲ್ಲಿ ಅರಳುವ ಹೂವಿನಂಥ ಹವಳಗಳ ವಿಡಿಯೋ ನೀವೂ ನೋಡಿರಬಹುದು. ಅವುಗಳ ಹೆಸರು ಝೊಯಾಂಥಿಡ್. ಅಂಗಿ ಗುಂಡಿಯಷ್ಟೇ ಇರುವುದರಿಂದ ಬಟನ್ ಪಾಲಿಪ್ ಅಂತಲೂ ಕರೆಯುತ್ತಾರೆ. ಒಂದು ತುಂಡು ತಂದು ಬೆಳೆಸಿ, ಹತ್ತು ತುಂಡು ಮಾಡಿ ಬೆಂಗಳೂರಿನಲ್ಲಿ ಮಾರಿದರೆ ಹೇಗೆ ಎಂಬ ಆಸೆ ನಮ್ಮ ಕಡೆಯ ಹುಡುಗರಿಗೆ ಬಂದರೆ ತಪ್ಪೇನಿಲ್ಲ.

ನಾವು ಆ ಆಸೆಗೆ ಅಡ್ಡ ಬರುವುದಿಲ್ಲ. ಆದರೆ ಮಾರುವವರಿಂದ ಒಂದು ಚೀಟಿ ಕೇಳಿ ಎನ್ನುತ್ತೇವೆ.

ಮೊದಲು, ಇದು ನಮ್ಮಿಂದ ಆಗುವ ಕೆಲಸವೇ? ಆಗುತ್ತದೆ. ಝೊಯಾಂಥಿಡ್ ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ಮಾಡಿ ಕೊಡುತ್ತದೆ. ಹಿಪ್ಪುನೇರಳೆ ಕಡ್ಡಿ ನೆಟ್ಟು ತೋಟ ಮಾಡಿದ ಹಾಗೆ, ಒಂದು ತುಂಡು ಕತ್ತರಿಸಿ ಕಲ್ಲಿಗೆ ಅಂಟಿಸಿದರೆ ಪಕ್ಕದಲ್ಲೇ ಮೊಗ್ಗೊಡೆದು ಹರಡುತ್ತದೆ. ಈ ತುಂಡಿಗೆ ಫ್ರ್ಯಾಗ್ ಎನ್ನುತ್ತಾರೆ. ಹವಳಗಳಲ್ಲಿ ಇದು ಗಟ್ಟಿ ಜೀವ, ಹೊಸಬರ ಕೈಗೂ ಒಗ್ಗುತ್ತದೆ.

ಅದಕ್ಕೆ ಬೇಕಾದ ಶಾಖ 24ರಿಂದ 27 ಡಿಗ್ರಿ. ದೊಡ್ಡ ಹುಳಕ್ಕೆ 24–25 ಡಿಗ್ರಿ, ಚಾಕಿ ಹುಳಕ್ಕೆ 27–28 ಡಿಗ್ರಿ ಕಾಯುವ ಮನೆಯವರಿಗೆ ಇದು ಹೊಸ ಲೆಕ್ಕವಲ್ಲ. ಬೇಸಿಗೆಯಲ್ಲಿ ಹುಳಮನೆ ಬಿಸಿಯಾದರೆ ಗೋಣಿ ತಟ್ಟು ನೆನೆಸಿ ಕಟ್ಟುತ್ತೇವೆ, ತೊಟ್ಟಿ ಬಿಸಿಯಾದರೆ ಫ್ಯಾನ್ ಇಡಬೇಕು. ಕರೆಂಟು ಹೋದಾಗ ಗಾಳಿ ಆಡಿಸಲು ಬ್ಯಾಟರಿ ಪಂಪ್ ಇರಬೇಕು. ಹೊತ್ತು ಹೊತ್ತಿಗೆ ನೋಡಿಕೊಳ್ಳುವ ಅಭ್ಯಾಸ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ನಮ್ಮ ಇನ್ನೊಂದು ಅಭ್ಯಾಸವೇ ಇಲ್ಲಿ ಅಪಾಯ. ಶಿಡ್ಲಘಟ್ಟ ಗೂಡು ಬೇಯಿಸಿ ನೂಲು ತೆಗೆಯುವ ಊರು. ತಟ್ಟೆ, ಚಂದ್ರಿಕೆ ಏನೇ ಇರಲಿ, ರೋಗ ಹೋಗಬೇಕೆಂದರೆ ಬಿಸಿನೀರು, ಬೆಂಕಿ, ಬಿಸಿಲು ಎನ್ನುವುದು ನಮ್ಮ ಮನೆಗಳ ಮೊದಲ ಯೋಚನೆ. ಝೊಯಾಂಥಿಡ್ ಇರುವ ಕಲ್ಲನ್ನು ಬಿಸಿನೀರಿಗೆ ಹಾಕಿದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗಬಹುದು.

ಕಾರಣ ಪ್ಯಾಲಿಟಾಕ್ಸಿನ್ ಎಂಬ ವಿಷ. ಈ ಕುಟುಂಬದ ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಪ್ಯಾಲಿಥೋವಾ ಎಂಬುದರಲ್ಲಿ ಇದು ಇರುತ್ತದೆ. ಹವಾಯಿ ದ್ವೀಪದ ಜನ ಇದನ್ನು ಈಟಿಯ ಮೊನೆಗೆ ಸವರುತ್ತಿದ್ದರು ಎಂಬ ಕಥೆಯಿದೆ. ಅಲ್ಲಿನ ವಿಜ್ಞಾನಿಗಳು 1971ರಲ್ಲಿ ಇದನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಇದಕ್ಕೆ ಮದ್ದು ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ ಅಷ್ಟೆ. ಕಲ್ಲು ಕುದಿಸಿದರೆ, ಬಿಸಿನೀರು ಸುರಿದರೆ, ಜೋರಾಗಿ ಉಜ್ಜಿದರೆ ವಿಷ ಹಬೆಯಲ್ಲಿ, ತುಂತುರಿನಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಂಗಡಿಗಳಲ್ಲೂ ಮನೆಗಳಲ್ಲೂ ಹೀಗೆ ಜನ ಕಾಯಿಲೆ ಬಿದ್ದರು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಮನೆಯ ತೊಟ್ಟಿಯಿಂದ ಹವಳ ತೆಗೆದ ಕುಟುಂಬದ ಜೊತೆ, ಸಹಾಯಕ್ಕೆ ಹೋದವರನ್ನೂ ಆಸ್ಪತ್ರೆಗೆ ಸೇರಿಸಬೇಕಾಯಿತು.

ಎಲ್ಲ ಝೊಯಾಂಥಿಡ್‌ಗಳಲ್ಲೂ ಒಂದೇ ಪ್ರಮಾಣದ ವಿಷ ಇರುವುದಿಲ್ಲ. ಆದರೆ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಲ್ಲವನ್ನೂ ವಿಷದ್ದೇ ಎಂದುಕೊಂಡು ಮುಟ್ಟಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ. ಕತ್ತರಿಸುವಾಗ ಅದು ನೀರು ಚಿಮ್ಮಿಸುತ್ತದೆ. ಗಾಯದ ಕೈ ತೊಟ್ಟಿಗೆ ಇಡಬೇಡಿ. ಅಡುಗೆ ಪಾತ್ರೆ, ಚಾಕು ಬಳಸಬೇಡಿ. ಮಕ್ಕಳನ್ನು, ನಾಯಿ, ಮೇಕೆಗಳನ್ನು ದೂರ ಇಡಿ. ಕೆಲಸ ಮಾಡುವಾಗ ಬಾಯಿ ಕಹಿಯಾಗಿ, ಕೆಮ್ಮು, ಚಳಿಜ್ವರ, ಎದೆ ಬಿಗಿತ ಬಂದರೆ ತಕ್ಷಣ ಆಚೆ ಬನ್ನಿ, ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಪ್ಯಾಲಿಟಾಕ್ಸಿನ್ ಎಂಬ ಹೆಸರು ಹೇಳಿ. ಹೇಳದಿದ್ದರೆ ಮಾಮೂಲಿ ಜ್ವರ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಇನ್ನು ನೀರು. 100 ಲೀಟರಿನ ತೊಟ್ಟಿಗೆ ಸುಮಾರು ಮೂರೂವರೆ ಕೆ.ಜಿ. ಸಮುದ್ರದ ಉಪ್ಪಿನ ಮಿಶ್ರಣ ಬೇಕು, ಅಡುಗೆ ಉಪ್ಪು ನಡೆಯದು. ಬೋರ್‌ವೆಲ್ ನೀರು ನೇರವಾಗಿ ಆಗದು, ಶುದ್ಧೀಕರಿಸಿದ ನೀರೇ ಬೇಕು. ಒಂದು ಲೀಟರ್ ಶುದ್ಧ ಮಾಡಲು ಮನೆಯ ಯಂತ್ರ ಅದಕ್ಕಿಂತ ಹೆಚ್ಚು ನೀರು ಆಚೆ ಬಿಡುತ್ತದೆ. ವಾರಕ್ಕೆ 10 ಲೀಟರ್ ಬದಲಿಸಿದರೂ ವರ್ಷಕ್ಕೆ 520 ಲೀಟರ್ ಉಪ್ಪುನೀರು, ಅಂದರೆ 18 ಕೆ.ಜಿ. ಉಪ್ಪು ಮನೆಯಿಂದ ಆಚೆ ಬರುತ್ತದೆ. ಅದನ್ನು ಹಿಪ್ಪುನೇರಳೆ ತೋಟಕ್ಕೋ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೋ ಬಿಟ್ಟರೆ ಮಣ್ಣು, ನೀರು ಎರಡೂ ಕೆಡುತ್ತವೆ. ಇದಕ್ಕೆ ಜಾಗ ನೋಡಿಕೊಳ್ಳದೆ ತೊಟ್ಟಿ ಇಡಬೇಡಿ.

ಕೊನೆಯದು, ಆ ತುಂಡು ಎಲ್ಲಿಂದ ಬಂತು ಎಂಬುದು. ಕಲ್ಲಿನ ಹವಳ, ಕಪ್ಪು ಹವಳ, ಕಡಲ ಬೀಸಣಿಗೆ ಇವೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೆ ಸೇರಿಸಲಾಯಿತು. ಝೊಯಾಂಥಿಡ್‌ಗೆ ಕಲ್ಲಿನ ಅಸ್ಥಿ ಇಲ್ಲ, ಅದು ಬೇರೆ ಗುಂಪು. ಆದರೆ ಅದು ಅಂಟಿಕೊಂಡಿರುವ ಕಲ್ಲು ಸತ್ತ ಹವಳದ್ದಾಗಿದ್ದರೆ? ಕಡಲಿಂದ ಒಡೆದು ತಂದದ್ದಾಗಿದ್ದರೆ? ಕೊಂಡವರೇ ಸಿಕ್ಕಿಬೀಳಬಹುದು.

ಕಾನೂನು ಬಿಟ್ಟು ನೋಡಿದರೂ ಹವಳಕ್ಕೆ ಈಗ ಕಷ್ಟಕಾಲ. 2024ರಲ್ಲಿ ಕಡಲು ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ನಮ್ಮ ರಾಜ್ಯದಲ್ಲೂ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ತೊಟ್ಟಿಯಲ್ಲೇ ಕಡ್ಡಿಯಂತೆ ಬೆಳೆಯುವ ಜೀವವನ್ನು ಅಲ್ಲಿಂದ ಕೀಳುವ ಅಗತ್ಯವೇನು? ಕ್ಲೌನ್ ಮೀನನ್ನು ಕಡಲಿಂದ ಹಿಡಿಯದೆ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹವಳಕ್ಕೂ ಅದೇ ದಾರಿ ಆಗಬೇಕು.

ರೇಷ್ಮೆಯಲ್ಲಿ ನಮಗೆ ದಾರಿ ಗೊತ್ತಿದೆ. ಬಿತ್ತನೆ ಮೊಟ್ಟೆ, ಗೂಡು, ನೂಲಿನ ಮಾರಾಟಕ್ಕೆ ಕರ್ನಾಟಕದಲ್ಲಿ 1959ರಿಂದ ಕಾಯ್ದೆ ಇದೆ. ಯಾವ ಬಿತ್ತನೆ ಕೋಠಿಯ ಮೊಟ್ಟೆ, ಗಂಟುರೋಗದ ಪರೀಕ್ಷೆ ಆಗಿದೆಯೇ ಎಂದು ಕೇಳದೆ ಯಾವ ಬುದ್ಧಿವಂತ ರೈತ ಚಾಕಿ ಕಟ್ಟುತ್ತಾನೆ? ಹವಳ ಮಾರುವವರೂ ಅಂಥ ಚೀಟಿ ಕೊಡಲಿ. ಯಾವ ಜಾತಿ, ತೊಟ್ಟಿಯಲ್ಲಿ ಬೆಳೆದದ್ದೋ ಕಡಲಿಂದ ತಂದದ್ದೋ, ಯಾವ ಕಲ್ಲಿನ ಮೇಲಿದೆ ಎಂದು ಬರೆದಿರಲಿ. ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ “ಕುದಿಸಬೇಡಿ, ಬಿಸಿನೀರು ಹಾಕಬೇಡಿ” ಎಂದಿರಲಿ. ಮೀನುಗಾರಿಕೆ ಇಲಾಖೆ ಮತ್ತು ಅರಣ್ಯ ಇಲಾಖೆ ಕೂತು ಇದನ್ನು ಕಡ್ಡಾಯ ಮಾಡಲಿ. ದೊಡ್ಡ ಖರ್ಚಿನ ಕೆಲಸವಲ್ಲ.

ಅಲ್ಲಿಯವರೆಗೆ ನೀವೇ ಕೇಳಿ. ಉತ್ತರ ಕೊಡದ ಅಂಗಡಿಯಿಂದ ಕೊಳ್ಳಬೇಡಿ.